ಜೋಯಿಡಾದ ಅದಿರಿನಲ್ಲಿ ಭೂಮಿಯ ಬಾಲ್ಯ

ಭೂಮಿ ಹುಟ್ಟಿ ಬೆಳೆದ ಕಥೆ ಹೇಳುವ ದೂರದರ್ಶನ ಸಾಕ್ಷ್ಯಚಿತ್ರಗಳಲ್ಲಿ ಕೆಲವು ಜಾಗಗಳು ಮತ್ತೆ ಮತ್ತೆ ಬರುತ್ತವೆ. ಜ್ವಾಲಾಮುಖಿಗೆ ಹವಾಯಿ ಇಲ್ಲವೇ ಐಸ್‌ಲ್ಯಾಂಡ್, ಶಿಲಾಪದರಗಳಿಗೆ ಗ್ರ್ಯಾಂಡ್ ಕ್ಯಾನಿಯನ್, ಆಮ್ಲಜನಕದ ಮೂಲಕ್ಕೆ ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿ. 1998ರಲ್ಲಿ ಆಬ್ರಿ ಮ್ಯಾನಿಂಗ್ ನಡೆಸಿಕೊಟ್ಟ ಬಿಬಿಸಿಯ ‘ಅರ್ಥ್ ಸ್ಟೋರಿ’ಯಂಥ ಸರಣಿಗಳು ಭೂವಿಜ್ಞಾನವನ್ನು ಮನೆಮನೆಗೆ ತಂದವು, ಆ ಉಪಕಾರ ಸಣ್ಣದಲ್ಲ. ಆದರೆ ಅದೇ ಕಥೆಯ ಒಂದು ಹಳೆಯ ಅಧ್ಯಾಯ ಉತ್ತರ ಕನ್ನಡದ ದಾಂಡೇಲಿ, ಜೋಯಿಡಾದ ಕಾಡಿನ ನೆಲದಲ್ಲೂ ಇದೆ. ಕಳೆದ ಶತಮಾನದಲ್ಲಿ ಅಲ್ಲಿನ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟ ಮ್ಯಾಂಗನೀಸ್ ಅದಿರೇ ಅದರ ಸಾಕ್ಷಿ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ವರದಿ ಪ್ರಕಟಿಸಿದ್ದು 1876ರಲ್ಲಿ. ಮುಂದಿನ ದಶಕದಲ್ಲಿ ಆತ ಇಲ್ಲಿನ ಪ್ರಾಚೀನ ಶಿಲೆಗಳಿಗೆ ಪಕ್ಕದ ಧಾರವಾಡದ ಹೆಸರನ್ನೇ ಕೊಟ್ಟ. ಇವತ್ತಿಗೂ ಜಗತ್ತಿನ ಭೂವಿಜ್ಞಾನಿಗಳು ಆ ಹೆಸರನ್ನೇ ಬಳಸುತ್ತಾರೆ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವಾದರೆ, ಈ ಸೀಮೆಯ ಸುಣ್ಣಕಲ್ಲು, ಕಬ್ಬಿಣ ಮತ್ತು ಮ್ಯಾಂಗನೀಸ್ ಪದರಗಳು ಸುಮಾರು 260 ಕೋಟಿ ವರ್ಷಗಳ ಹಿಂದಿನ ಸಮುದ್ರತಳದವು. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆನ್ನುವಷ್ಟು ಕಡಿಮೆ. ಅಂಥ ನೀರಿನಲ್ಲಿ ಮ್ಯಾಂಗನೀಸ್ ಕರಗಿಯೇ ಇರುತ್ತದೆ. ಅದು ಆಕ್ಸೈಡ್ ಆಗಿ ತಳಕ್ಕಿಳಿಯಬೇಕಾದರೆ ಸಾಮಾನ್ಯವಾಗಿ ಆಮ್ಲಜನಕ ಬೇಕು. ಧಾರವಾಡ ಶಿಲೆಗಳ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳೂ ಸಿಕ್ಕಿವೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ವಾತಾವರಣದಲ್ಲಿ ಆಮ್ಲಜನಕ ಹೆಚ್ಚುವ ಮೊದಲೇ ಈ ಆಳವಿಲ್ಲದ ಸಮುದ್ರಗಳಲ್ಲಿ ಅಲ್ಲಲ್ಲಿ ಸೂಕ್ಷ್ಮಜೀವಿಗಳಿಂದ ಅದು ಹುಟ್ಟತೊಡಗಿತ್ತು ಎಂಬ ಊಹೆಗೆ ಬಲ ಬರುತ್ತದೆ. ಆಮೇಲೆ ಘಟ್ಟದ ಮಳೆ ಕಲ್ಲಿನ ಉಳಿದ ಅಂಶಗಳನ್ನು ತೊಳೆದು ಅದಿರನ್ನು ಗಟ್ಟಿಗೊಳಿಸಿತು. ಆ ಗಟ್ಟಿ ಅದಿರಿಗಾಗಿಯೇ ಜೋಯಿಡಾದಲ್ಲಿ ಗಣಿಗಳು ತೆರೆದವು, ದಾಂಡೇಲಿಯಲ್ಲಿ ಫೆರೊಮ್ಯಾಂಗನೀಸ್ ಕುಲುಮೆ ಉರಿಯಿತು. ಇದೇ ಕಾಡಿನ ಕವಳಾ ಗುಹೆ ರೂಪುಗೊಂಡಿರುವುದೂ ಸುಣ್ಣಕಲ್ಲಿನಲ್ಲೇ. ಶಿವರಾತ್ರಿಗೆ ಭಕ್ತರು ಪೂಜಿಸುವ ಅಲ್ಲಿನ ಲಿಂಗ ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಕಂಬ. ಸುತ್ತಲಿನ ಕಲ್ಲಿಗಿಂತ ಅದು ಎಷ್ಟೋ ಕಿರಿಯದು.

ವಿಜ್ಞಾನ ಎಲ್ಲ ಕಡೆಗೂ ಒಂದೇ, ಆಸ್ಟ್ರೇಲಿಯ ತೋರಿಸಿದರೆ ಸಾಲದೇ ಎಂದು ಕೇಳಬಹುದು. ತತ್ವ ತಿಳಿಯಲು ಸಾಕು, ಇತಿಹಾಸ ತಿಳಿಯಲು ಸಾಲದು. ಶಾರ್ಕ್ ಕೊಲ್ಲಿಯಲ್ಲಿರುವುದು ಇಂದು ಬದುಕಿರುವ ಸ್ಟ್ರೊಮಾಟೊಲೈಟ್. ಆ ಪ್ರಾಚೀನ ಕಾಲದಿಂದಲೇ ಉಳಿದ ಕಲ್ಲು ಇಲ್ಲಿದೆ. ಇಲ್ಲಿನ ಕಲ್ಲೆಲ್ಲ ಕಾಡಿನಡಿ, ಹಳಿಯಾಳ ಮುಂಡಗೋಡಗಳಲ್ಲಿ ಹೊಲದಡಿ ಮುಚ್ಚಿಹೋಗಿದೆ, ಕ್ಯಾಮೆರಾಕ್ಕೆ ಕಾಣುವುದೇನು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 2020ರಲ್ಲಿ ತೆರೆಕಂಡ ವನ್ಯಜೀವಿ ಸಾಕ್ಷ್ಯಚಿತ್ರ ‘ವೈಲ್ಡ್ ಕರ್ನಾಟಕ’ಕ್ಕೆ ಹುಲಿ, ಆನೆ, ಹಾರ್ನ್‌ಬಿಲ್‌ಗಳಿದ್ದವು. ಅಲುಗಾಡದ ಕಲ್ಲಿಗೆ ಪ್ರೇಕ್ಷಕರನ್ನು ಹಿಡಿದಿಡುವುದು ಕಷ್ಟವೇ. ಹಾಗೆಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಒಂದು ಹಿಡಿ ಮಣ್ಣನ್ನೂ ಹೊಸದಾಗಿ ಅಗೆಯಬೇಕಿಲ್ಲ, ಅಗೆಯಲೂಬಾರದು. ಗಣಿಗಾರಿಕೆ ಕಾಡಿಗೆ ಮಾಡಿದ ಗಾಯ ನಿಜ. ಆ ಗಾಯದಲ್ಲೇ ಶಿಲೆಯ ಪದರಗಳು ತೆರೆದುಕೊಂಡಿವೆ ಎನ್ನುವುದೂ ನಿಜ.

ಆ ಹಳೆಯ ಗಣಿಗುಂಡಿಗಳ ಗೋಡೆಗಳನ್ನು ಮಳೆ ಕುಸಿಯಿಸುತ್ತದೆ, ಗಿಡಬಳ್ಳಿ ಮುಚ್ಚುತ್ತವೆ. ಕಾಡಿಗೆ ಅದು ಒಳ್ಳೆಯದೇ. ಮುಚ್ಚುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆದು, ಭೂವಿಜ್ಞಾನಿಗಳನ್ನು ಜೊತೆಗಿಟ್ಟುಕೊಂಡು, ಅದಿರನ್ನು ಕೈಯಲ್ಲಿ ಹಿಡಿದೇ ಗುಣ ಹೇಳುತ್ತಿದ್ದ ಗಣಿ ಕೆಲಸಗಾರರನ್ನೂ ಮಾತಾಡಿಸಿ ಚಿತ್ರೀಕರಿಸಬೇಕು. ಕನ್ನಡದ ವಾಹಿನಿಗಳು ಈ ಕೆಲಸವನ್ನು ಬೇರೆ ದೇಶದವರು ಬಂದು ಮಾಡಲಿ ಎಂದು ಕಾಯದಿರಲಿ.