ಹರಡಿದ ಸ್ತನ ಕ್ಯಾನ್ಸರ್: ಟ್ರಯಲ್‌ನ ಲೆಕ್ಕ, ಆಸ್ಪತ್ರೆಯ ಲೆಕ್ಕ

ಸ್ತನ ಕ್ಯಾನ್ಸರ್ ಎಲುಬು, ಶ್ವಾಸಕೋಶ, ಲಿವರ್ ಅಥವಾ ಮೆದುಳಿಗೆ ಹರಡಿದರೆ ಅದನ್ನು ನಾಲ್ಕನೇ ಹಂತ ಅಂತಾರೆ. ಈ ಹಂತದಲ್ಲಿ ರೋಗ ಪೂರ್ತಿ ವಾಸಿಯಾಗುವುದು ತೀರಾ ಅಪರೂಪ. ಹಾಗಂತ ಕೈಚೆಲ್ಲಿ ಕೂರುವ ಕಾಲವೂ ಇದಲ್ಲ. ಸರಿಯಾದ ಮದ್ದು ರೋಗವನ್ನು ಎಷ್ಟೋ ಮಂದಿಯಲ್ಲಿ ವರ್ಷಗಟ್ಟಲೆ ಹಿಡಿದಿಡ್ತದೆ. ಎಷ್ಟು ಕಾಲ ಎಂಬುದಕ್ಕೆ ಮಾತ್ರ ಎರಡು ಲೆಕ್ಕ ಉಂಟು.

ಟ್ರಯಲ್‌ನ ಲೆಕ್ಕ

ಅತಿ ಹೆಚ್ಚು ಕಾಣುವ ಬಗೆ ಹಾರ್ಮೋನ್ ಪಾಸಿಟಿವ್, ಹರ್-2 ನೆಗೆಟಿವ್. ಇದಕ್ಕೆ ಕೊಡುವ ಪಾಲ್ಬೋಸಿಕ್ಲಿಬ್‌ಗೆ ಅಮೆರಿಕ 2015ರಲ್ಲಿ ಒಪ್ಪಿಗೆ ಕೊಟ್ಟಿತು. 666 ಮಹಿಳೆಯರ ‘ಪಲೋಮಾ-2’ ಟ್ರಯಲ್‌ನಲ್ಲಿ ಲೆಟ್ರೋಜೋಲ್ ಮಾತ್ರ ಪಡೆದವರಲ್ಲಿ ರೋಗ 14.5 ತಿಂಗಳು ಹಿಡಿತದಲ್ಲಿತ್ತು. ಎರಡೂ ಪಡೆದವರಲ್ಲಿ 24.8 ತಿಂಗಳು.

ಆಸ್ಪತ್ರೆಯ ಲೆಕ್ಕ

ಟ್ರಯಲ್‌ಗೆ ರೋಗಿಗಳನ್ನು ಆರಿಸಿಯೇ ಸೇರಿಸ್ತಾರೆ. ಬೇರೆ ಗಂಭೀರ ಕಾಯಿಲೆ ಇದ್ದವರು, ತೀರಾ ಬಳಲಿದವರು ಹೆಚ್ಚಾಗಿ ಹೊರಗುಳಿಯುತ್ತಾರೆ. ಆಸ್ಪತ್ರೆಗೆ ಬರುವವರಲ್ಲಿ ಎಲ್ಲರೂ ಇರ್ತಾರೆ. ಅದಕ್ಕೇ ಅಮೆರಿಕದ ಸುಮಾರು 2,900 ರೋಗಿಗಳ ಆಸ್ಪತ್ರೆ ದಾಖಲೆ ತೆಗೆದು ನೋಡಿದರು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಪಾಲ್ಬೋಸಿಕ್ಲಿಬ್ ಸೇರಿಸಿದವರಲ್ಲಿ ರೋಗ ಹಿಡಿತದಲ್ಲಿದ್ದದ್ದು 19.3 ತಿಂಗಳು, ಸೇರಿಸದವರಲ್ಲಿ 13.9. ಬದುಕಿದ ಅವಧಿ 49.1 ಮತ್ತು 43.2 ತಿಂಗಳು. ಟ್ರಯಲ್‌ನಷ್ಟು ದೊಡ್ಡ ಲಾಭವಲ್ಲ, ಆದರೂ ಲಾಭ ಉಂಟು.

ಈ ಲೆಕ್ಕಕ್ಕೂ ಒಂದು ಮಿತಿಯುಂಟು. ಟ್ರಯಲ್‌ನಲ್ಲಿ ಯಾರಿಗೆ ಯಾವ ಮದ್ದು ಎಂದು ಚೀಟಿ ಎತ್ತಿದ ಹಾಗೆ ನಿರ್ಧರಿಸ್ತಾರೆ. ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಿ ಡಾಕ್ಟರ್ ಆರಿಸ್ತಾರೆ. ಆದ್ದರಿಂದ ಎರಡು ಗುಂಪು ಸಮಾನ ಇರುವುದಿಲ್ಲ. ಪಲೋಮಾ-2ರಲ್ಲಿ ಬದುಕಿದ ಅವಧಿಯ ವ್ಯತ್ಯಾಸ ಖಚಿತವಾಗಿ ಸಾಬೀತಾಗಲಿಲ್ಲ. ಇದೇ ಗುಂಪಿನ ರೈಬೋಸಿಕ್ಲಿಬ್ ಟ್ರಯಲ್‌ನಲ್ಲಿ ಮಾತ್ರ 51.4 ತಿಂಗಳು 63.9ಕ್ಕೆ ಏರಿತು.

ಆಸ್ಪತ್ರೆ ದಾಖಲೆಯಿಂದ ಇನ್ನೊಂದು ಉಪಯೋಗವೂ ಆಗಿದೆ. ಗಂಡಸರಿಗೂ ಸ್ತನ ಕ್ಯಾನ್ಸರ್ ಬರ್ತದೆ, ಆದರೆ ಸಂಖ್ಯೆ ಕಡಿಮೆ, ದೊಡ್ಡ ಟ್ರಯಲ್ ಕಷ್ಟ. ಅಮೆರಿಕದ ಔಷಧ ಇಲಾಖೆ 2019ರಲ್ಲಿ ಇಂಥ ದಾಖಲೆ ನೋಡಿಯೇ ಗಂಡಸರಿಗೂ ಪಾಲ್ಬೋಸಿಕ್ಲಿಬ್ ಒಪ್ಪಿತು.

ಸಂಖ್ಯೆ ಓದುವುದು ಹೇಗೆ?

ಇವೆಲ್ಲ ನಡುವಿನ ಸಂಖ್ಯೆಗಳು. 49 ತಿಂಗಳು ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕಿದರು, ಅರ್ಧದಷ್ಟು ಕಡಿಮೆ. ಅದು ಯಾರಿಗೂ ಬರೆದಿಟ್ಟ ಗಡುವಲ್ಲ.

ಬೆಲೆಯ ಪ್ರಶ್ನೆ

ಮದ್ದು ಕೆಲಸ ಮಾಡಬೇಕಾದರೆ ಅದು ಕೈಗೆ ಸಿಗಬೇಕು. ರೈಬೋಸಿಕ್ಲಿಬ್‌ಗೆ ತಿಂಗಳಿಗೆ 50 ಸಾವಿರಕ್ಕೂ ಹೆಚ್ಚು ಖರ್ಚಾಗ್ತದೆ ಎಂದು ರೋಗಿಯೊಬ್ಬರು 2022ರಲ್ಲಿ ಕೇರಳ ಹೈಕೋರ್ಟ್ ಮೆಟ್ಟಿಲೇರಿದ್ದರು. ಪ್ರಕರಣ ಮುಗಿಯುವ ಮೊದಲೇ ಅವರು ತೀರಿಹೋದರು. ಕೋರ್ಟ್ ಅದನ್ನು ತಾನೇ ಮುಂದುವರಿಸಿತು. 2023ರ ಜನವರಿಯಲ್ಲಿ ಭಾರತದಲ್ಲಿ ಪಾಲ್ಬೋಸಿಕ್ಲಿಬ್ ಪೇಟೆಂಟ್ ಮುಗಿಯಿತು. ಬೇರೆ ಕಂಪೆನಿಗಳ ಜೆನೆರಿಕ್ ಬಂದು ದರ ಬಹಳ ಇಳಿಯಿತು. ಹಳೆಯ ದರ ಕೇಳಿ ಬೇಡವೆಂದವರು ಡಾಕ್ಟರಲ್ಲಿ ಮತ್ತೊಮ್ಮೆ ವಿಚಾರಿಸಬಹುದು.

ಮನೆಯವರ ಗಮನಕ್ಕೆ

ಪಾಲ್ಬೋಸಿಕ್ಲಿಬ್ 21 ದಿನ ತೆಗೆದುಕೊಂಡು 7 ದಿನ ಬಿಡುವ ಮದ್ದು. ಬಿಳಿ ರಕ್ತಕಣ ಇಳಿಯುವುದು ಸಾಮಾನ್ಯ, ಹಾಗಾಗಿ ರಕ್ತಪರೀಕ್ಷೆ ತಪ್ಪಿಸಬಾರದು. ಜ್ವರ ಬಂದರೆ ತಡ ಮಾಡದೆ ಆಸ್ಪತ್ರೆಗೆ ತಿಳಿಸಬೇಕು. ಸುಸ್ತಾಯಿತೆಂದು ಮದ್ದು ತಾವೇ ನಿಲ್ಲಿಸಬಾರದು; ಡಾಕ್ಟರ್ ಡೋಸ್ ಇಳಿಸಿ ಮುಂದುವರಿಸಲು ದಾರಿ ಉಂಟು.