ಮೆಣಸಿನಕಾಯಿಯ ಕಾಗದಪತ್ರ

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಗಾಢ ಕೆಂಪು, ಕಡಿಮೆ ಖಾರ, ಸುಕ್ಕುಗಟ್ಟಿದ ಸಿಪ್ಪೆ. ಡಬ್ಬಿ, ಕಡ್ಡಿ ಎಂಬ ಬಗೆಗಳು. ಇಷ್ಟು ಎಲ್ಲರಿಗೂ ಗೊತ್ತು. ಅದರ ರೋಗ, ತಳಿ, ಧಾರಣೆಗಳ ಆಳವಾದ ವಿವರ ಮಾತ್ರ ಪುಸ್ತಕದಂಗಡಿಯಲ್ಲಿ ಸಿಗದು. ಅದಿರುವುದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಪ್ರಬಂಧಗಳಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಂಥ ಸಂಶೋಧನಾ ಕೇಂದ್ರಗಳ ವರದಿಗಳಲ್ಲಿ, ಎಪಿಎಂಸಿಯ ಆವಕದ ದಾಖಲೆಗಳಲ್ಲಿ. ಮಾರಾಟಕ್ಕೆಂದು ಅಚ್ಚಾಗದ ಇಂಥ ಬರಹವನ್ನೇ ಗ್ರಂಥಪಾಲಕರು ‘ಬೂದು ಸಾಹಿತ್ಯ’ ಎನ್ನುತ್ತಾರೆ.

ಹಳೆಯದನ್ನು ಹುಡುಕುವವರಿಗೆ ಇನ್ನೊಂದು ತೊಡಕು. ಬ್ಯಾಡಗಿ, ರಾಣೆಬೆನ್ನೂರುಗಳಿರುವ ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಈ ಊರುಗಳು ಧಾರವಾಡದ ಹೆಸರಿನಡಿಯಲ್ಲಿವೆ; ಮುಂಬಯಿ ಪ್ರಾಂತ್ಯದ 1884ರ ಗೆಜೆಟಿಯರಿನಲ್ಲೂ ಅಷ್ಟೇ. ಸೂಚಿಯಲ್ಲಿ ಊರು, ತಾಲ್ಲೂಕುಗಳ ಹೆಸರು ಸೇರಿಸದಿದ್ದರೆ ಸ್ಕ್ಯಾನ್ ಮಾಡಿದ್ದೂ ಕೈಗೆ ಸಿಗುವುದಿಲ್ಲ.

ಭಾರತೀಯ ಕೃಷಿ ಸಂಶೋಧನಾ ಮಂಡಳಿಯಾದ ಐಸಿಎಆರ್‌ನ ‘ಕೃಷಿಕೋಶ’ದಲ್ಲಿ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು, ‘ಶೋಧಗಂಗಾ’ದಲ್ಲಿ ಪಿಎಚ್.ಡಿ. ಮಹಾಪ್ರಬಂಧಗಳು ಈಗ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ದೊಡ್ಡ ಉಪಕಾರವೇ ಸರಿ. ಆದರೆ ಕೃಷಿ ಪ್ರಬಂಧಗಳು ಬಹುಪಾಲು ಇಂಗ್ಲಿಷಿನವು. ಸಮೀಕ್ಷೆಗೆ ಉತ್ತರ ಕೊಟ್ಟವರು, ಪ್ರಯೋಗಕ್ಕೆ ಹೊಲ ಬಿಟ್ಟವರು ಇದೇ ಸೀಮೆಯ ರೈತರು. ಫಲಿತಾಂಶ ಅವರಿಗೂ ಸಲ್ಲಬೇಕು. ಪ್ರತಿ ಪ್ರಬಂಧಕ್ಕೂ ಎರಡು ಪುಟದ ಕನ್ನಡ ಸಾರಾಂಶ ಬೇಕು. ಅದನ್ನು ಪ್ರತ್ಯೇಕ ಕಡತವಾಗಿ, ಕನ್ನಡದಲ್ಲಿ ಹುಡುಕಿದರೆ ಸಿಗುವಂತೆ ಏರಿಸಬೇಕು. ಅಚ್ಚಿನ ಪ್ರತಿಗಳು ಬ್ಯಾಡಗಿಯ ಮಾರುಕಟ್ಟೆಯಲ್ಲೂ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲೂ ಇರಲಿ.