ಜೇಬಿನೊಳಗಿನ ಸೈತಾನ

ರಷ್ಯಾದ ಮೂಕಿ ಚಿತ್ರ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಐಸೆನ್‌ಸ್ಟೈನ್, ಕ್ರಾಂತಿ, ಬಾವುಟ ಇಷ್ಟೇ. ಕಳೆದ ಭಾನುವಾರ ಮಾಡಲು ಕೆಲಸವಿಲ್ಲದೆ ೧೯೧೩ರ 'ಕ್ರಿಸ್‌ಮಸ್‌ನ ಹಿಂದಿನ ರಾತ್ರಿ' ನೋಡಿದೆ. ಅಲ್ಲಿ ಕ್ರಾಂತಿಯೂ ಇಲ್ಲ, ಬಾವುಟವೂ ಇಲ್ಲ. ಹಂದಿ ಮೂತಿಯ ಒಬ್ಬ ಸೈತಾನ ಚಂದ್ರನನ್ನೇ ಕದ್ದು ಚೀಲಕ್ಕೆ ತುಂಬುತ್ತಾನೆ!

ಕಥೆ ಗೊಗೋಲ್‌ನದು. ಉಕ್ರೇನಿನ ದಿಕಾಂಕಾ ಹಳ್ಳಿಯ ಸುತ್ತ ಹೆಣೆದದ್ದು. ಕಮ್ಮಾರ ವಕುಲ ದೈವಭಕ್ತ, ಚರ್ಚಿನ ಗೋಡೆಯ ಮೇಲೆ ಸೈತಾನ ಸೋತು ಓಡುವ ಚಿತ್ರ ಬರೆದವನು. ಆ ಸಿಟ್ಟಿಗೇ ಸೈತಾನ ಅವನ ಹಿಂದೆ ಬಿದ್ದಿರುವುದು. ವಕುಲನ ಪ್ರೇಯಸಿಗೋ ರಾಣಿ ತೊಡುವ ಚಪ್ಪಲಿಯೇ ಬೇಕು. ಕೊನೆಗೆ ವಕುಲ ಶಿಲುಬೆಯ ಗುರುತು ಮಾಡಿ ಸೈತಾನನನ್ನೇ ಪಳಗಿಸಿ, ಅವನ ಬೆನ್ನೇರಿ ಪೀಟರ್ಸ್‌ಬರ್ಗ್‌ಗೆ ಹಾರುತ್ತಾನೆ.

ನಿರ್ದೇಶಕ ಸ್ತಾರೆವಿಚ್ ಹುಟ್ಟಿದ್ದು ಮಾಸ್ಕೋದಲ್ಲಿ, ಮನೆತನ ಪೋಲಿಷ್. ಲಿಥುವೇನಿಯಾದ ಕೌನಸ್‌ನ ಮ್ಯೂಸಿಯಮ್ಮಿನಲ್ಲಿದ್ದು, ಸತ್ತ ಜೀರುಂಡೆಗಳ ಕಾಲನ್ನು ಒಂದೊಂದು ಫ್ರೇಮಿಗೂ ಇಷ್ಟಿಷ್ಟೇ ಸರಿಸಿ ಸಿನಿಮಾ ಮಾಡಿದ ಆಸಾಮಿ. (ಒಂದು ಬಗ್ ಹುಡುಕಲು ಒಂದು ದಿನ ಹೋದರೇ ಗೊಣಗುವ ನನಗೆ ನಾಚಿಕೆಯಾಯಿತು.) ಆ ಕೈಚಳಕ ಇಲ್ಲೂ ಇದೆ. ಮಂತ್ರವಾದಿಯ ಬಾಯಿಗೆ ಕಡುಬುಗಳು ತಾವೇ ಹಾರಿ ಬೀಳುತ್ತವೆ. ಕಂಪ್ಯೂಟರ್ ಇಲ್ಲದ ಕಾಲದ ಗ್ರಾಫಿಕ್ಸ್ ಅನ್ನಿ!

ಆದರೆ ನನ್ನನ್ನು ಹಿಡಿದದ್ದು ಗ್ರಾಫಿಕ್ಸ್ ಅಲ್ಲ. ಗೊಗೋಲ್‌ನ ಕಥೆಯಲ್ಲಿ ಅದು ಉಪವಾಸದ ರಾತ್ರಿ. ಹಾರಿ ಬಂದ ಕಡುಬು ತುಟಿಗೆ ತಾಗಿದ್ದಕ್ಕೇ ವಕುಲ ಬೆಚ್ಚುತ್ತಾನೆ. ಊರಿಗೆ ಮರಳಿ ನಿದ್ದೆ ಬಂದು ಬೆಳಗಿನ ಪ್ರಾರ್ಥನೆ ತಪ್ಪಿದಾಗ, ಸೈತಾನನ ಸಹವಾಸಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಕೊರಗುತ್ತಾನೆ. ನಗುವಿನ ಕಥೆಯೊಳಗೆ ಆ ಅಂಜಿಕೆ ಮಾತ್ರ ನಿಜ. ಸ್ತಾರೆವಿಚ್ ಸೈತಾನನನ್ನು ಗೇಲಿ ಮಾಡುತ್ತಾನೆ, ನಂಬುವವನನ್ನಲ್ಲ. ಭಕ್ತಿ ಚಿತ್ರ, ಬಯ್ಯುವ ಚಿತ್ರ ಎರಡೇ ಜಾತಿ ಅಂದುಕೊಂಡಿದ್ದ ನನಗೆ ಇದು ಹೊಸದು.

ಸೈತಾನನಾದವನು ಮೊಸ್ಜೂಖಿನ್, ಮುಂದೆ ದೊಡ್ಡ ತಾರೆಯಾದವನು. ಕ್ರಾಂತಿಯ ನಂತರ ಇಬ್ಬರೂ ದೇಶ ಬಿಟ್ಟು ಫ್ರಾನ್ಸ್ ಸೇರಿದರು. ನಟ ತೀರಿಕೊಂಡದ್ದು ೧೯೩೯ರಲ್ಲಿ, ನಿರ್ದೇಶಕ ೧೯೬೫ರಲ್ಲಿ, ಇಬ್ಬರೂ ಅಲ್ಲೇ. ಉಕ್ರೇನಿನ ನಂಬಿಕೆ, ರಷ್ಯನ್ ಭಾಷೆಯ ಕಥೆ, ಪೋಲಿಷ್ ಮನೆತನದ ನಿರ್ದೇಶಕ... ನಾವು ಮಾತ್ರ ಸಲೀಸಾಗಿ 'ರಷ್ಯನ್ ಸಿನಿಮಾ' ಎನ್ನುತ್ತೇವೆ. ನಾನೂ ಮೊದಲ ಸಾಲಿನಲ್ಲಿ ಹಾಗೇ ಅಂದೆ, ನೋಡಿ.

ಸುಮಾರು ೪೦ ನಿಮಿಷದ ಚಿತ್ರ. ಅಷ್ಟು ದೊಡ್ಡ ಸೈತಾನ ಕುಗ್ಗಿ ಕುಗ್ಗಿ ಕಮ್ಮಾರನ ಜೇಬಿಗಿಳಿಯುವ ಜಾಗ ಬಂದಾಗ ನಿಲ್ಲಿಸಿ, ಇನ್ನೊಮ್ಮೆ ನೋಡಿ. ನಾನು ನಾಲ್ಕು ಸಲ ನೋಡಿದೆ.